ಹಲಗೆ, ಕೂವೆಮರ, ನಿರ್ಯಾಪಕ: ಎರೆಸೀಮೆಯ ಓದಿನಲ್ಲಿ ಕಡಲು

ಜೈನ ಕಥಾಸಾಹಿತ್ಯದ ಪಾಠ ನಡೆದಿತ್ತು. ಜಿನಸೇನನ ಹರಿವಂಶಪುರಾಣದ ಚಾರುದತ್ತನ ಕಥೆಯನ್ನು ಹೇಳುತ್ತಿದ್ದೆ. ವಸಂತಸೇನೆಯ ಮನೆಯಲ್ಲಿ ಹಣವೆಲ್ಲ ಕರಗಿದ ಮೇಲೆ ಚಾರುದತ್ತ ಗಳಿಕೆಗೆಂದು ಹಡಗೇರುತ್ತಾನೆ, ಹಡಗು ಒಡೆಯುತ್ತದೆ, ಒಂದು ಹಲಗೆಯನ್ನು ಹಿಡಿದು ದಡ ಸೇರುತ್ತಾನೆ. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತ. "ಸರ, ಹಡಗ ಒಡದ ಮ್ಯಾಲ ಸೆಟ್ಟಿ ಕೈಗೆ ಯಾವಾಗ್ಲೂ ಹಲಗೀನ ಯಾಕ ಸಿಗತೈತ್ರಿ?" ತರಗತಿ ನಕ್ಕಿತು. ನಾನೂ ನಕ್ಕೆ. ಸಿದ್ಧವಾಗಿದ್ದ ಉತ್ತರವನ್ನೇ ಕೊಟ್ಟೆ: ಇದೊಂದು ಕಥನರೂಢಿ, ಸಂಸಾರವೆಂಬುದು ಸಾಗರ, ಪುಣ್ಯವೆಂಬುದು ಹಲಗೆ, ಕವಿಗೆ ಬೇಕಾದದ್ದು ಕಡಲಲ್ಲ, ಕರ್ಮಫಲ.

ಈ ಉತ್ತರವನ್ನು ನಾನು ಇಪ್ಪತ್ತು ವರ್ಷ ಹೇಳಿದ್ದೇನೆ, ನನ್ನ ಮಹಾಪ್ರಬಂಧದಲ್ಲಿಯೂ ಬರೆದಿದ್ದೇನೆ. ಅದು ತಪ್ಪೆಂದು ಈಗಲೂ ಹೇಳಲಾರೆ. ಆದರೆ ಅರ್ಧ ಉತ್ತರ. ನವಲಗುಂದ, ಅಣ್ಣಿಗೇರಿಗಳ ಎರೆಹೊಲದ ನಡುವೆ ಹುಟ್ಟಿ ಬೆಳೆದವನಿಗೆ ಕಡಲು ಕೇವಲ ರೂಪಕವಾಗಿ ಕಾಣುವುದು ಸಹಜ. ನಮ್ಮಲ್ಲಿ ನೀರೆಂದರೆ ಕೆರೆ, ಬೆಣ್ಣಿಹಳ್ಳ, ಮಳೆಗಾಲದ ಕೆಸರು. ನಮ್ಮ ಓದಿನ ಈ ಮಿತಿಯನ್ನು ಪಠ್ಯದ ಮಿತಿಯೆಂದು ತಿಳಿದದ್ದೇ ನಾನು ಮಾಡಿದ ತಪ್ಪು. ರೂಪಕದ ಒಳಗೆ ಹಡಗು ನಡೆಸುವವರ ತಿಳಿವಳಿಕೆ, ಅಪಾಯದ ಹೊತ್ತಿನಲ್ಲಿ ಏನು ಮಾಡಬೇಕೆಂಬ ಕ್ರಮ, ಉಳಿದುಕೊಂಡಿದೆ. ಅದನ್ನು ಹೊರತೆಗೆಯುವುದು ಸಾಹಿತ್ಯದ ಓದುಗನ ಕೆಲಸವೇ.

ಹಲಗೆಯಿಂದಲೇ ತೊಡಗೋಣ. ಶ್ವೇತಾಂಬರ ಆಗಮಗಳಲ್ಲಿ ಆರನೆಯ ಅಂಗವಾದ ಜ್ಞಾತಾಧರ್ಮಕಥೆಯಲ್ಲಿ ಮಾಕಂದಿಯ ಮಕ್ಕಳ ಕಥೆಯಿದೆ. ಜಿನಪಾಲಿತ, ಜಿನರಕ್ಷಿತ ಎಂಬ ಅಣ್ಣತಮ್ಮಂದಿರು ಹನ್ನೊಂದು ಬಾರಿ ಲವಣಸಮುದ್ರವನ್ನು ದಾಟಿ ಸುಖವಾಗಿ ಬಂದವರು. ಹನ್ನೆರಡನೆಯ ಬಾರಿ ಬೇಡವೆಂದು ತಾಯಿತಂದೆ ತಡೆದರೂ ಕೇಳದೆ ಹೊರಡುತ್ತಾರೆ. ಮುಂದಿನದು ಪ್ರಸಿದ್ಧ: ರತ್ನದ್ವೀಪದ ದೇವತೆ, ಶೈಲಕ ಯಕ್ಷನ ಬೆನ್ನೇರಿದ ಪಯಣ, ಹಿಂದಿರುಗಿ ನೋಡಿದ ಜಿನರಕ್ಷಿತನ ಸಾವು. ಉಪದೇಶಕ್ಕೆ ಬೇಕಾದ ಭಾಗ ಅದು; ಎಲ್ಲರೂ ಅಲ್ಲಿಗೇ ಧಾವಿಸುತ್ತಾರೆ, ನಾನೂ ಧಾವಿಸಿದವನೇ. ಆದರೆ ಅದಕ್ಕೆ ಮೊದಲು ಹಡಗು ಒಡೆಯುವ ವರ್ಣನೆಯೊಂದಿದೆ. ಪ್ರಾಕೃತ ಗದ್ಯದ ಉದ್ದನೆಯ ಸಮಾಸಗಳಲ್ಲಿ ಹಡಗು ಹೆದರಿದ ಕನ್ಯೆಯಂತೆ, ದುಃಖಿತೆಯಾದ ಹೆಂಗಸಿನಂತೆ ನಡುಗುತ್ತದೆ. ಈ ಅಲಂಕಾರಗಳ ಸಾಲು ಮುಗಿಯುತ್ತಿದ್ದಂತೆ ಲೇಖಕನ ದೃಷ್ಟಿ ಒಮ್ಮೆಲೇ ಬಡಗಿಯ ದೃಷ್ಟಿಯಾಗಿಬಿಡುತ್ತದೆ. ಹಲಗೆ ಹಲಗೆಗಳ ನಡುವೆ ತಟತಟ ಸದ್ದು, ಬಿರಿಯುವ ಸಂದುಗಳು, ಕಳಚಿಬೀಳುವ ಕಬ್ಬಿಣದ ಕೀಲುಗಳು, ಜೀರ್ಣವಾಗಿ ಹರಿಯುವ ಹಗ್ಗ, ಹಗ್ಗ ಹರಿದೊಡನೆ ಸಡಿಲಗೊಳ್ಳುವ ಇಡೀ ಮೈ.

ಇದು ಊಹಿಸಿ ಬರೆದದ್ದಲ್ಲ. ಹಡಗು ಎಲ್ಲಿಂದ ಒಡೆಯುತ್ತದೆ ಎಂಬುದನ್ನು ಕಂಡವರ, ಇಲ್ಲವೆ ಕಂಡವರಿಂದ ಕೇಳಿದವರ ಬರಹ. ಹಡಗು ಮಡಕೆಯಂತೆ ಚೂರಾಗುವುದಿಲ್ಲ, ಸಂದುಗಳಲ್ಲಿ ಬಿಡುತ್ತದೆ. ಸಂದು ಬಿಟ್ಟ ಮೇಲೆ ಉಳಿಯುವುದು ಇಡಿ ಹಲಗೆ. ಹಿಂದೂ ಮಹಾಸಾಗರದ ಪಶ್ಚಿಮ ಭಾಗದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಹಡಗು ಕಟ್ಟುವ ಪದ್ಧತಿ ಬಹುಕಾಲ ಇತ್ತು. ಹೊಲಿಗೆ ಹರಿದ ಹಡಗು ಹಲಗೆಗಳಾಗಿಯೇ ಚದುರಬೇಕು. ಹಾಗಾದರೆ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಪುಣ್ಯಕ್ಕಿಂತ ಮೊದಲು ಕಟ್ಟಡದಲ್ಲಿದೆ: ಹಲಗೆ ಸಿಗುವುದು ಹಡಗು ಹಲಗೆಯದಾದ್ದರಿಂದ. ಇದು ನನ್ನ ಊಹೆ. ವಾಸ್ತುಪುರಾತತ್ತ್ವದವರು ತಿದ್ದಿದರೆ ಸಂತೋಷ.

ಊಹೆಗೆ ಒಂದು ತೊಡಕೂ ಇದೆ. ಭೋಜನ ಹೆಸರಿನಲ್ಲಿರುವ ಯುಕ್ತಿಕಲ್ಪತರು ಕಡಲ ಹಡಗಿನ ತಳದಲ್ಲಿ ಕಬ್ಬಿಣ ಬಳಸಬಾರದೆನ್ನುತ್ತದೆ; ಸಮುದ್ರದೊಳಗಿನ ಅಯಸ್ಕಾಂತ ಕಬ್ಬಿಣವನ್ನು ಸೆಳೆದು ಹಡಗನ್ನು ಮುಳುಗಿಸುತ್ತದೆ ಎಂಬುದು ಕೊಟ್ಟ ಕಾರಣ. ಆಗಮದ ಹಡಗಿನಲ್ಲಾದರೋ ಹಗ್ಗದ ಜೊತೆಗೆ ಕಬ್ಬಿಣದ ಕೀಲೂ ಇದೆ. ಎರಡೂ ಬಗೆಯ ಹಡಗುಗಳು ಇದ್ದಿರಬೇಕು. ಇಲ್ಲಿ ನನಗೆ ಮುಖ್ಯವೆನಿಸುವುದು ಬೇರೆಯೇ ಮಾತು. ಯುಕ್ತಿಕಲ್ಪತರುವಿನ ಕಾರಣ ಪುರಾಣ, ನಿಯಮ ಮಾತ್ರ ಅನುಭವ. ಹೊಲಿದ ಹಡಗು ಮರಳ ದಂಡೆಗೆ ತಾಗಿದಾಗ ಬಾಗುತ್ತದೆ, ಬಿರಿಯುವುದಿಲ್ಲ. ಉಪ್ಪುನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಕಡಲಿನವರಿಗೆ ಗೊತ್ತಿದ್ದ ಸಂಗತಿಗೆ ಪಂಡಿತರು ತಮಗೆ ಗೊತ್ತಿದ್ದ ಕಾರಣವನ್ನು ಜೋಡಿಸಿದರು. ಕಾರಣ ಸುಳ್ಳೆಂದು ನಿಯಮವನ್ನೂ ತಳ್ಳಿಹಾಕಿದರೆ ನಷ್ಟ ನಮಗೆ.

ಅದೇ ಜ್ಞಾತಾಧರ್ಮಕಥೆಯ ಸಮುದ್ರಯಾತ್ರೆಗಳಲ್ಲಿ ಹಡಗು ತುಂಬುವ ವಿವರಗಳಿವೆ. ಸರಕು ನಾಲ್ಕು ಬಗೆ: ಎಣಿಸುವಂಥದು, ತೂಗುವಂಥದು, ಅಳೆಯುವಂಥದು, ಪರೀಕ್ಷಿಸಿ ಅಥವಾ ಕತ್ತರಿಸಿ ಕೊಡುವಂಥದು. ಅದರ ಹಿಂದೆಯೇ ಪ್ರಯಾಣದ ಬುತ್ತಿ: ಅಕ್ಕಿ, ಹಿಟ್ಟು, ಎಣ್ಣೆ, ತುಪ್ಪ, ಬೆಲ್ಲ, ಹಾಲುಮೊಸರು, ನೀರು, ಪಾತ್ರೆ, ಔಷಧಿ, ಹುಲ್ಲು, ಕಟ್ಟಿಗೆ, ಹೊದಿಕೆ, ಆಯುಧ. ಕಥೆಗೆ ಇಷ್ಟು ಅಗತ್ಯವಿರಲಿಲ್ಲ. ಕುಡಿಯುವ ನೀರನ್ನೂ ಔಷಧಿಯನ್ನೂ ಸರಕಿನಿಂದ ಬೇರೆಯಾಗಿ ಎಣಿಸಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಹದಿನೇಳನೆಯ ಅಧ್ಯಯನದಲ್ಲಿ ಹಸ್ತಿಶೀರ್ಷ ನಗರದ ವರ್ತಕರ ಹಡಗು ಬಿರುಗಾಳಿಗೆ ಸಿಕ್ಕಿ ಗಿರಕಿ ಹೊಡೆಯುತ್ತದೆ. ಹಡಗಿನ ನಿರ್ಯಾಮಕನಿಗೆ, ಅಂದರೆ ದಾರಿ ತೋರುವವನಿಗೆ, ಬುದ್ಧಿ ಕೆಟ್ಟಿತು, ಕಲಿತದ್ದು ಮರೆಯಿತು, ದಿಕ್ಕು ತಪ್ಪಿತು. ಆಗ ಯಾರು ಯಾರು ಅವನ ಬಳಿಗೆ ಬಂದು ಏನಾಯಿತೆಂದು ಕೇಳಿದರು ಎಂಬುದನ್ನು ಆಗಮ ಪಟ್ಟಿಮಾಡುತ್ತದೆ: ಕುಕ್ಷಿಧಾರರು, ಕರ್ಣಧಾರರು, ಗರ್ಭಜರು, ಹಡಗಿನ ವರ್ತಕರು. ಹನ್ನೊಂದನೆಯ ಶತಮಾನದ ಟೀಕಾಕಾರ ಅಭಯದೇವಸೂರಿ ಇವರನ್ನು ವಿವರಿಸುತ್ತಾನೆ; ಕುಕ್ಷಿಧಾರರು ಹಡಗಿನ ಪಕ್ಕಗಳಲ್ಲಿ ಹುಟ್ಟು ಮೊದಲಾದವನ್ನು ನಡೆಸುವವರು, ಗರ್ಭಜರು ಹಡಗಿನ ಒಳಗೆ ಸಣ್ಣದೊಡ್ಡ ಕೆಲಸ ಮಾಡುವವರು. ಕರ್ಣಧಾರ ಚುಕ್ಕಾಣಿಯವನು. ದಾರಿ ಬಲ್ಲವನು ಒಬ್ಬ, ಚುಕ್ಕಾಣಿ ಹಿಡಿಯುವವನು ಇನ್ನೊಬ್ಬ ಎಂಬ ಈ ವಿಭಾಗ ಇಂದಿನ ವ್ಯಾಪಾರಿ ಹಡಗುಗಳಲ್ಲಿಯೂ ಉಂಟು. ನಿರ್ಯಾಮಕ ತನ್ನ ಸೋಲನ್ನು ಮುಚ್ಚಿಡುವುದಿಲ್ಲ. ದಿಕ್ಕು ತಪ್ಪಿದ್ದೇನೆ, ಎಲ್ಲಿದ್ದೇವೆಂಬುದು ತಿಳಿಯದು ಎಂದು ಬಾಯಿಬಿಟ್ಟು ಹೇಳುತ್ತಾನೆ. ಆಮೇಲೆ ಎಲ್ಲರೂ ಸ್ನಾನಮಾಡಿ ಇಂದ್ರಾದಿ ದೇವತೆಗಳನ್ನು ಪ್ರಾರ್ಥಿಸುತ್ತಾರೆ, ಅವನಿಗೆ ಅರಿವು ಮರಳುತ್ತದೆ, ಹಡಗು ಕಾಲಿಕದ್ವೀಪ ಸೇರುತ್ತದೆ. ಪ್ರಾರ್ಥನೆಯ ಭಾಗವನ್ನು ಭಕ್ತರು ಓದಲಿ. ಹಡಗಿನ ಮುಖ್ಯನೊಬ್ಬ ಭೀತಿಯ ನಡುವೆ ತನಗೆ ತಿಳಿಯದೆಂದು ಒಪ್ಪಿಕೊಂಡ ಗಳಿಗೆ ನನಗೆ ಹೆಚ್ಚಿನದಾಗಿ ಕಾಣುತ್ತದೆ.

ದಿಕ್ಕು ತಿಳಿಯುವುದು ನಕ್ಷತ್ರದಿಂದ. ಮೋಡ ಕವಿದರೆ ನೀರಿನ ಬಣ್ಣ, ಮೀನು, ಹಕ್ಕಿಗಳಿಂದ. ಆರ್ಯಶೂರನ ಜಾತಕಮಾಲೆಯ ಸುಪಾರಗ ಈ ವಿದ್ಯೆಗಳೆಲ್ಲವನ್ನೂ ಬಲ್ಲವನು. ಇಲ್ಲಿ ನನ್ನ ಮನಸ್ಸು ತಡೆಯದೆ ಅಣ್ಣಿಗೇರಿಗೆ ಹೋಗುತ್ತದೆ. ಪಂಪನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದ ಪ್ರಕಾರ ಅವರ ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಜೋಯಿಸನಿಗೆ ಮುಹೂರ್ತಕ್ಕಾಗಿ ಬೇಕಾಗಿದ್ದ ನಕ್ಷತ್ರಗಳೇ ನಿರ್ಯಾಮಕನಿಗೆ ದಾರಿಗಾಗಿ ಬೇಕಾಗಿದ್ದವು. ಎರೆಸೀಮೆಯ ಆಕಾಶಕ್ಕೂ ಕಡಲ ಆಕಾಶಕ್ಕೂ ನಡುವೆ ಗಡಿಯಿಲ್ಲ. ಇದಕ್ಕಿಂತ ಹೆಚ್ಚಿನ ಸಂಬಂಧವನ್ನು ನಾನು ಕಲ್ಪಿಸುತ್ತಿಲ್ಲ.

ಆಗಮವು ಶ್ವೇತಾಂಬರರದು, ಕರ್ನಾಟಕದ ಪರಂಪರೆ ದಿಗಂಬರದ್ದು ಎಂಬ ಆಕ್ಷೇಪ ಬರಬಹುದು. ನ್ಯಾಯವಾದ ಆಕ್ಷೇಪವೇ. ಆದ್ದರಿಂದ ನಮ್ಮ ಪರಂಪರೆಗೇ ಬರುತ್ತೇನೆ. ಪೂಜ್ಯಪಾದನ ಸರ್ವಾರ್ಥಸಿದ್ಧಿಯಲ್ಲಿ ಸಂವರಾನುಪ್ರೇಕ್ಷೆಯನ್ನು ವಿವರಿಸುವಾಗ ಮಹಾಸಮುದ್ರದಲ್ಲಿರುವ ನಾವೆಯ ದೃಷ್ಟಾಂತ ಬರುತ್ತದೆ. ರಂಧ್ರವನ್ನು ಮುಚ್ಚದಿದ್ದರೆ ನೀರು ಮೆಲ್ಲಮೆಲ್ಲನೆ ತುಂಬಿ ಅದನ್ನು ನೆಚ್ಚಿದವರೆಲ್ಲ ನಾಶವಾಗುತ್ತಾರೆ. ಮುಚ್ಚಿದರೆ ಬಯಸಿದ ದೇಶವನ್ನು ತೊಂದರೆಯಿಲ್ಲದೆ ಸೇರುತ್ತಾರೆ. ಆಸ್ರವವೆಂದರೆ ಒಳನುಗ್ಗುವ ನೀರು, ಸಂವರವೆಂದರೆ ರಂಧ್ರ ಮುಚ್ಚುವುದು, ನಿರ್ಜರೆಯೆಂದರೆ ಒಳಗಿರುವುದನ್ನು ಹೊರಚೆಲ್ಲುವುದು ಎಂದು ಬಸದಿಯ ಪಾಠದಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ತತ್ತ್ವಗಳ ಕ್ರಮದಲ್ಲಿ ಸಂವರ ಮೊದಲು, ನಿರ್ಜರೆ ಆಮೇಲೆ. ಇದು ತತ್ತ್ವಶಾಸ್ತ್ರದ ಕ್ರಮವೆಂದಷ್ಟೇ ನಾನು ತಿಳಿದಿದ್ದೆ. ಆದರೆ ನೀರು ನುಗ್ಗುತ್ತಿರುವ ಯಾವ ಹಡಗಿನಲ್ಲಿಯಾದರೂ ಕ್ರಮ ಇದೇ. ಹೆದರಿದವನು ಮೊದಲು ಬುಟ್ಟಿ ಹಿಡಿದು ನೀರು ಎತ್ತಿಹಾಕಲು ತೊಡಗುತ್ತಾನೆ. ಬಲ್ಲವನು ಮೊದಲು ರಂಧ್ರ ಹುಡುಕುತ್ತಾನೆ. "ಮೆಲ್ಲಮೆಲ್ಲನೆ" ಎಂಬ ಮಾತೂ ಸುಮ್ಮನೆ ಬಂದದ್ದಲ್ಲ. ಬಂಡೆಗೆ ಬಡಿದ ಹಡಗಿನ ಅಪಾಯ ಎಲ್ಲರಿಗೂ ಕಾಣುತ್ತದೆ. ಸಂದಿನಿಂದ ಜಿನುಗುವ ನೀರು ಸರಕಿನ ಕೆಳಗೆ ಸೇರುತ್ತದೆ, ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಇನ್ನೂ ಆಳಕ್ಕೆ ಹೋದ ಪದವೊಂದಿದೆ. ಶಿವಾರ್ಯನ ಭಗವತೀ ಆರಾಧನೆ ಸಲ್ಲೇಖನದ ಮಹಾಗ್ರಂಥ. ನಮ್ಮ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಆಧಾರವಾದ ಗಾಹೆಗಳು ಅದರವೇ. ಸಲ್ಲೇಖನವನ್ನು ಸ್ವೀಕರಿಸಿದ ಕ್ಷಪಕನನ್ನು ಕೊನೆಯ ಉಸಿರಿನವರೆಗೆ ನೋಡಿಕೊಳ್ಳುವ ಗುರುವಿಗೆ ಅದರಲ್ಲಿ ನಿರ್ಯಾಪಕನೆಂದು ಹೆಸರು. ಈ ನಿರ್ಯಾಪಕನನ್ನು ವರ್ಣಿಸುವಾಗ ಶಿವಾರ್ಯ ಕೊಡುವ ಹೋಲಿಕೆ ಕಡಲಿನದು: ತೆರೆಗಳು ಕೆರಳಿದ ಸಮುದ್ರದಲ್ಲಿ ರತ್ನ ತುಂಬಿದ ಹಡಗನ್ನು ನುರಿತ, ಬುದ್ಧಿವಂತನಾದ ನಾವಿಕ ಹೇಗೆ ಕಾಪಾಡುತ್ತಾನೋ ಹಾಗೆ. ಪ್ರಾಕೃತದಲ್ಲಿ ಆ ನಾವಿಕನಿಗೂ ಈ ಗುರುವಿಗೂ ಒಂದೇ ಪದ. ಹಡಗಿನವರ ಪದವೊಂದು ಶ್ರವಣಬೆಳ್ಗೊಳ, ಕೊಪ್ಪಳಗಳ ಬೆಟ್ಟದ ಮೇಲೆ ಸಾವಿನ ಹೊತ್ತಿನ ಗುರುವಿನ ಹೆಸರಾಗಿ ನಿಂತಿದೆ.

ಯಾಕೆ ಈ ಹೋಲಿಕೆ ಎಂದು ವಿಚಾರಮಾಡಬೇಕು. ನಾವಿಕ ಗಾಳಿಯನ್ನು ನಿಲ್ಲಿಸಲಾರ, ನಿರ್ಯಾಪಕ ಮರಣವನ್ನು ನಿಲ್ಲಿಸಲಾರ. ಇಬ್ಬರ ಕೆಲಸವೂ ತುಂಬಿದ ಸರಕು ಕೊನೆಯ ಗಾವುದದಲ್ಲಿ ಹಾಳಾಗದಂತೆ ನೋಡಿಕೊಳ್ಳುವುದು. ಕ್ಷಪಕನಿಗೆ ನೀರಡಿಕೆ, ನೋವು, ಭ್ರಮೆ ಬಂದಾಗ ಎಷ್ಟು ಜನ ಸುತ್ತ ಇರಬೇಕು, ಯಾರು ಬಾಗಿಲು ಕಾಯಬೇಕು, ಯಾರು ಕಥೆ ಹೇಳಬೇಕು ಎಂದು ಆ ಗ್ರಂಥ ಕೆಲಸ ಹಂಚುತ್ತದೆ. ಬಿರುಗಾಳಿಯಲ್ಲಿ ಹಡಗಿನವರು ಕೆಲಸ ಹಂಚಿಕೊಳ್ಳುವ ರೀತಿಗೂ ಇದಕ್ಕೂ ದೂರವಿಲ್ಲ. ವಡ್ಡಾರಾಧನೆಯನ್ನು ಕೇವಲ ಉಪಸರ್ಗಗಳ ಕಥೆಯಾಗಿ ಓದುವ ನಾವು ಅದರ ಹಿಂದಿರುವ ಈ ಏರ್ಪಾಡನ್ನು ಮರೆಯುತ್ತೇವೆ.

ಇದೆಲ್ಲ ಗ್ರಂಥಗಳಿಂದ ಗ್ರಂಥಗಳಿಗೆ ಹರಿದ ತಿಳಿವಳಿಕೆ, ಧಾರವಾಡದ ನೆಲಕ್ಕೆ ಕಡಲು ನಿಜವಾಗಿ ಬಂದಿತ್ತೇ? ಬಂದಿತ್ತು, ಕಲ್ಲಿನ ಮೇಲೆ. ಧಾರವಾಡದಿಂದ ಬೆಳಗಾವಿಯ ದಾರಿ ಹಿಡಿದರೆ ಮೊದಲು ಸಿಗುವ ಊರುಗಳಲ್ಲಿ ಒಂದು ನರೇಂದ್ರ, ಹಳೆಯ ಕುಂದೂರು. ಕುಂದೂರು-500 ಎಂಬ ಆಡಳಿತ ವಿಭಾಗದ ಕೇಂದ್ರ. ಗೋವೆಯ ಕದಂಬ ಇಮ್ಮಡಿ ಜಯಕೇಶಿಯ ಕಾಲದ, 1125ರ ಸುಮಾರಿನ ಕನ್ನಡ ಶಾಸನ ಅಲ್ಲಿದೆ. ಬಾರ್ನೆಟ್ ಅದನ್ನು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಸಂಪಾದಿಸಿದ್ದಾನೆ. ಜಯಕೇಶಿಯ ಪೂರ್ವಜ ಚಟ್ಟಯದೇವ ಕವಡಿದ್ವೀಪವನ್ನು ಗೆದ್ದನೆಂದೂ ಲಂಕೆಯವರೆಗೆ ಹಡಗುಗಳ ಸಾಲಿನಿಂದ ಸೇತುವೆ ಕಟ್ಟಿದನೆಂದೂ ಶಾಸನಕವಿ ಹೊಗಳುತ್ತಾನೆ. ಕಡಲಿನ ಮೇಲೆ ಅವನ ಪಯಣವನ್ನು ಆಟವೆಂಬಂತೆ ವರ್ಣಿಸುತ್ತಾನೆ. ಠಾಣೆಯ ಮುಮ್ಮುರಿ ಅವನನ್ನು ಎದುರುಗೊಂಡು ಮಗಳನ್ನೂ ಹೊನ್ನನ್ನೂ ಕೊಟ್ಟನಂತೆ. ಸಮುದ್ರದಿಂದ ಇಷ್ಟು ದೂರದ ಬಯಲುಸೀಮೆಯ ಅಂಚಿನಲ್ಲಿ, ಕಡಲನ್ನೇ ನೋಡಿರದ ರೈತರ ಊರಿನಲ್ಲಿ, ಕನ್ನಡ ಪದ್ಯಗಳಲ್ಲಿ ಈ ಹಡಗಿನ ಸಾಲು ನಿಂತಿದೆ. ಆ ಅರಸರ ರಾಜ್ಯ ಗೋವೆಯ ರೇವಿನಿಂದ ಹಲಸಿಗೆ-12000ದವರೆಗೆ, ಕಲಘಟಗಿಯ ಕಾಡಂಚಿನವರೆಗೆ ಹಬ್ಬಿತ್ತು.

ಪ್ರಶಸ್ತಿಯಲ್ಲಿ ಹಡಗು ಎಂದಿಗೂ ಒಡೆಯುವುದಿಲ್ಲ. ಒಡೆದದ್ದು ತಿಳಿಯಬೇಕಾದರೆ ದಾನಪತ್ರಕ್ಕೆ ಹೋಗಬೇಕು. ಇದೇ ಮನೆತನದ ಒಂದನೆಯ ಜಯಕೇಶಿಯ 1059ರ ಪಣಜಿ ತಾಮ್ರಪಟ ಸಂಸ್ಕೃತದಲ್ಲಿದೆ. ಪೂರ್ವಜನಾದ ಗುಹಲ್ಲದೇವ ಸೋಮನಾಥ ಯಾತ್ರೆಗೆಂದು ಹಡಗಿನಲ್ಲಿ ಹೊರಟನು. ನಡುದಾರಿಯಲ್ಲಿ ಕೂವೆಮರ ಮುರಿಯಿತು. ಗೋವೆಯ ರೇವನ್ನು ಆಶ್ರಯಿಸಬೇಕಾಯಿತು. ಅಲ್ಲಿ ಮದುಮೋದನೆಂಬ ಮುಸಲ್ಮಾನ ಶ್ರೀಮಂತ ವರ್ತಕ ನೆರವಾದನು. ಆ ಉಪಕಾರದ ನೆನಪು ಎರಡು ತಲೆಮಾರು ಉಳಿದು, ಅವನ ಮೊಮ್ಮಗ ಜಯಕೇಶಿಯ ಅಧಿಕಾರಿಯಾದನು. ಅವನು ಕಟ್ಟಿಸಿದ ಮಿಜಿಗಿತಿಗೆ, ಅಂದರೆ ಮಸೀದಿಗೆ, ರೇವಿಗೆ ಬರುವ ಹಡಗುಗಳಿಂದ ಸುಂಕ ಎತ್ತುವ ಹಕ್ಕನ್ನು ಅರಸ ಕೊಟ್ಟನು.

ಎರಡು ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ನರೇಂದ್ರದ ಕವಿಗೆ ಕಡಲು ಅರಸನ ಪ್ರತಾಪಕ್ಕೆ ಹಿನ್ನೆಲೆ. ತಾಮ್ರಪಟ ಬರೆದವನಿಗೆ ಸುಂಕದ ಹಕ್ಕು ಯಾಕೆ ಕೊಟ್ಟಿತೆಂಬುದನ್ನು ತೋರಿಸಬೇಕು, ಆದ್ದರಿಂದ ಮುರಿದ ಕೂವೆಮರವನ್ನು ಮುಚ್ಚಿಡಲಾಗುವುದಿಲ್ಲ. ಕೂವೆಮರ ಮುರಿದರೆ ಆಗುವುದೇನು? ಹಾಯಿ ಇಲ್ಲದ ಹಡಗು ಗಾಳಿಗೆ ಮುಖ ಕೊಡಲಾರದೆ ತೆರೆಗೆ ಪಕ್ಕೆ ಒಡ್ಡುತ್ತದೆ; ಪಕ್ಕೆಗೆ ಬಡಿದ ತೆರೆ ಹಡಗನ್ನು ಮಗುಚಬಲ್ಲದು. ಮುರಿದ ಮರ ಹಗ್ಗಗಳ ಸಮೇತ ಪಕ್ಕದಲ್ಲಿ ನೇತಾಡುತ್ತಿದ್ದರೆ ಅದೇ ಹಡಗಿನ ಮೈಯನ್ನು ಗುದ್ದುತ್ತದೆ, ಕತ್ತರಿಸಿ ಬಿಡಬೇಕು. ಆಮೇಲೆ ಉಳಿಯುವ ದಾರಿ ಒಂದೇ, ಹತ್ತಿರದ ಮರೆಯುಳ್ಳ ರೇವು. ಮಾಂಡವಿ, ಜುವಾರಿ ನದಿಗಳ ಬಾಯಿಯಲ್ಲಿರುವ ಗೋವೆ ಅಂಥ ರೇವು. ರಾಜಧಾನಿ ಮುಂದೆ ಗೋಪಕಪಟ್ಟಣಕ್ಕೆ ಬಂದದ್ದರಲ್ಲಿ ಈ ಅಪಘಾತದ ಪಾತ್ರವೆಷ್ಟು ಎಂದು ವಿದ್ವಾಂಸರು ಚರ್ಚಿಸಲಿ. ಅಪಾಯದಲ್ಲಿದ್ದವನನ್ನು ಧರ್ಮ ಕೇಳದೆ ಎತ್ತಿಕೊಳ್ಳುವುದು ಕಡಲಿನವರ ಹಳೆಯ ಮರ್ಯಾದೆ. ಅದಕ್ಕೆ ನಮ್ಮ ಅರಸು ಮನೆತನವೊಂದು ತಾಮ್ರದಲ್ಲಿ ರಸೀದಿ ಬರೆದುಕೊಟ್ಟಿದೆ.

ಎಲ್ಲ ಅಪಾಯವೂ ಗಾಳಿಯಿಂದ ಬರುವುದಿಲ್ಲ. ಶ್ರೀಪಾಲನ ಕಥೆಯಲ್ಲಿ ಅವನನ್ನು ಸಮುದ್ರಕ್ಕೆ ದೂಡುವುದು ಬಿರುಗಾಳಿಯಲ್ಲ, ಹಡಗಿನ ಒಡೆಯ ಧವಳಸೆಟ್ಟಿಯ ದುರಾಸೆ. ಮೂರನೆಯ ಮಂಗರಸ ಕನ್ನಡದಲ್ಲಿ ಶ್ರೀಪಾಲಚರಿತೆ ಬರೆದ. ಹಡಗಿನ ಒಡೆಯನ ಆಸೆಯೇ ಹಡಗಿನವರ ಶತ್ರುವಾಗಬಲ್ಲದೆಂಬುದನ್ನು ಬ್ರಿಟನ್ನಿನ ಪಾರ್ಲಿಮೆಂಟು ಒಪ್ಪಿದ್ದು 1876ರಲ್ಲಿ. ಸ್ಯಾಮ್ಯುಯೆಲ್ ಪ್ಲಿಮ್ಸಾಲ್‌ನ ಹೋರಾಟದ ಫಲವಾಗಿ ಹಡಗಿನ ಪಕ್ಕದ ಮೇಲೆ ಭಾರದ ಗೆರೆ ಎಳೆಯುವುದು ಕಡ್ಡಾಯವಾಯಿತು. ಗೆರೆ ಎಲ್ಲಿರಬೇಕೆಂಬುದನ್ನು ಒಡೆಯನೇ ತೀರ್ಮಾನಿಸಬಹುದಾಗಿತ್ತು. ಅದನ್ನೂ ಕಾನೂನು ನಿಗದಿಮಾಡಲು 1890 ಬರಬೇಕಾಯಿತು.

ಆ ಕಾಲಕ್ಕೆ ನಮ್ಮ ಎರೆಸೀಮೆ ನೇರವಾಗಿ ಕಡಲಿನ ಲೆಕ್ಕಕ್ಕೆ ಸೇರಿತ್ತು. ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಹತ್ತಿ ಎತ್ತುಗಳ ಬೆನ್ನ ಮೇಲೆ, ಆಮೇಲೆ ಬಂಡಿಗಳಲ್ಲಿ, ಶಿರಸಿಯ ಆಚೆ ದೇವಿಮನೆ ಘಟ್ಟವಿಳಿದು ಕುಮಟೆಗೆ ಹೋಗುತ್ತಿತ್ತು. ಅಲ್ಲಿಂದ ಪತ್ತೆಮಾರಿಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ. ಕುಮಟೆಯದು ತೆರೆದ ರೇವು. ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕಬೇಕು, ಹತ್ತಿಯ ಅಂಡಿಗೆಗಳು ಸಣ್ಣ ದೋಣಿಗಳಲ್ಲಿ ತೆರೆ ದಾಟಿ ಹೋಗಬೇಕು. ಜೂನಿನಲ್ಲಿ ಮುಂಗಾರು ಹಿಡಿದರೆ ಕಡಲು ಮುಚ್ಚಿತು. ನೂಲಹುಣ್ಣಿಮೆಗೆ ತೆಂಗಿನಕಾಯಿ ಅರ್ಪಿಸುವವರೆಗೆ ಹಾಯಿ ಏರುವುದಿಲ್ಲ. ಮುನಿಗಳ ಚಾತುರ್ಮಾಸಕ್ಕೂ ಹಡಗುಗಳ ವಿರಾಮಕ್ಕೂ ಕಾರಣ ಒಂದೇ ಮಳೆ.

ಅಮೆರಿಕದ ಅಂತರ್ಯುದ್ಧ 1861ರಲ್ಲಿ ತೊಡಗಿ ಹತ್ತಿಯ ಬೆಲೆ ಏರಿದಾಗ ಮರೆಯುಳ್ಳ ರೇವು ಬೇಕೆಂಬ ಕೂಗೂ ಏರಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಾರವಾರದ ಪಕ್ಕದ ಸದಾಶಿವಗಡಕ್ಕೆ ತನ್ನವರನ್ನು ಕಳಿಸಿತು. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರದ ಎದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭ ನಿಂತದ್ದು ಅದೇ ದಶಕದಲ್ಲಿ. ಬೆಲೆ ಏರಿದಂತೆ ಮೋಸವೂ ಏರಿತು: ತೂಕಕ್ಕಾಗಿ ಹತ್ತಿಗೆ ನೀರು ಚಿಮುಕಿಸುವುದು, ಮಣ್ಣು, ಕಾಳು ಬೆರೆಸುವುದು. 1863ರ ಹತ್ತಿ ಮೋಸದ ಕಾಯಿದೆ ಮುಂಬಯಿ ಸರಕಾರ ತಂದದ್ದು ಈ ಕಾರಣಕ್ಕೆ. ಕಾಯಿದೆ ಬೆಲೆಯ ಮಾತಾಡುತ್ತದೆ. ಆದರೆ ತೇವದ ಹತ್ತಿ ಹಡಗಿನ ಒಡಲಲ್ಲಿ ಮುಗ್ಗಿ ಕಾವೇರುತ್ತದೆ, ಎಣ್ಣೆ ತಾಗಿದ ಹತ್ತಿ ತಾನಾಗಿಯೇ ಹೊತ್ತಿಕೊಳ್ಳಬಹುದು ಎಂಬುದು ಸರಕು ತುಂಬುವವರಿಗೆ ಗೊತ್ತಿದ್ದ ಭಯ. ನಮ್ಮ ಅಡತಿಯಲ್ಲಿ ಚಿಮುಕಿಸಿದ ನೀರಿನ ಪರಿಣಾಮವನ್ನು ಉಣ್ಣಬೇಕಾದವನು ಎಂದೂ ಕಂಡಿರದ ಒಬ್ಬ ಗರ್ಭಜ, ಹಡಗಿನ ಒಳಗೆ ಕೆಲಸಮಾಡುವವನು.

1880ರ ದಶಕದಲ್ಲಿ ರೈಲು ಹುಬ್ಬಳ್ಳಿಗೆ ಬಂತು, ಮುರ್ಮಗೋವಾದ ದಾರಿ ತೆರೆಯಿತು, ಕುಮಟೆಯ ಬಂಡಿಗಳು ನಿಂತವು. ಹತ್ತಿಗೆ ಮಾತ್ರ ರೇವಿನ ಹೆಸರೇ ಉಳಿಯಿತು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಲಿವರ್‌ಪೂಲಿನ ಪೇಟೆ ನಮ್ಮ ಎರೆಹೊಲದ ಜವಾರಿ ಹತ್ತಿಯನ್ನು ಕುಮಟಾ ಹತ್ತಿಯೆಂದೇ ಕರೆಯಿತು. ನಮ್ಮ ಹಿರಿಯರು ಬಿತ್ತುತ್ತಿದ್ದ ಜಯಧರ ಅದೇ ಮನೆತನದ ತಳಿ. ಇದನ್ನು ಹೇಳಿದಾಗ ಹಲಗೆಯ ಪ್ರಶ್ನೆ ಕೇಳಿದ್ದ ಅದೇ ವಿದ್ಯಾರ್ಥಿ ಮತ್ತೆ ಎದ್ದ. ಅವರ ಮನೆಯ ಹಿತ್ತಲ ಹೊಲಕ್ಕೆ ಇಂದಿಗೂ ಜಯಧರದ ಹೊಲವೆಂದೇ ಹೆಸರಂತೆ, ಈಗ ಅಲ್ಲಿ ಹೆಸರು, ಕಡಲೆ ಹಾಕುತ್ತಾರಂತೆ.